ಗುರುತಿನ ಕಾಲಂ

ನಮ್ಮ ಅಂಗಡಿಯಲ್ಲಿ ಫ್ಯಾನು ಇದೆ, ಹಾಕುವಂತಿಲ್ಲ. ಹಾಕಿದರೆ ವಿಳಾಸದ ಚೀಟಿಗಳು ಹಾರುತ್ತವೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ, ಕಿಟಕಿ ಮುಚ್ಚಿಕೊಂಡು ಐದು ಜನ ಹೆಂಗಸರು ಲಕೋಟೆಗಳಿಗೆ ಚೀಟಿ ಅಂಟಿಸುತ್ತ ಕೂತಿರುತ್ತೇವೆ. ಬೆವರು ಹನಿದು ಅಕ್ಷರ ಕದಡಿದರೆ ಆ ಲಕೋಟೆ ನಮ್ಮ ಲೆಕ್ಕಕ್ಕೆ. ಅದಕ್ಕೇ ಎಲ್ಲರ ಹೆಗಲ ಮೇಲೂ ಒಂದೊಂದು ಟವೆಲ್ಲು. ಕಾಗದದ ಅಂಚು ಬೆರಳು ಕುಯ್ಯುತ್ತದೆ. ಎಷ್ಟು ಕಡೆ ಕುಯ್ದಿದೆ ಅನ್ನುವುದು ಮನೆಗೆ ಹೋಗಿ ಹುಣಸೆಹಣ್ಣು ಕಿವುಚುವಾಗ ಗೊತ್ತಾಗುತ್ತದೆ.

ಅಂಗಡಿ ಇರುವುದು ನಾಗಮಂಗಲದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಮಳಿಗೆಯ ಮೇಲೆ. ಸಾವಿರಾರು ಜನಕ್ಕೆ ಒಂದೇ ಥರದ ಕಾಗದ ಕಳಿಸಬೇಕಾದವರು ಇಲ್ಲಿಗೆ ಬರುತ್ತಾರೆ. ಶ್ರೀರಂಗಪಟ್ಟಣದ ಕಲ್ಯಾಣಮಂಟಪದವರು, ಪಾಂಡವಪುರದ ಟ್ರಾಕ್ಟರು ಮಾರುವವರು, ಕೆ.ಆರ್.ಪೇಟೆಯ ಕಾಲೇಜಿನವರು, ಚುನಾವಣೆ ಬಂದರೆ ಕೈಮುಗಿದ ಫೋಟೊದವರು. ಅವರು ಕೊಡುವ ಪಟ್ಟಿಯಲ್ಲಿ ಸತ್ತವರ ಹೆಸರಿರುತ್ತದೆ, ಒಂದೇ ಹೆಸರು ನಾಲ್ಕು ಸಲ ಇರುತ್ತದೆ, ಊರೊಂದು ಪಿನ್ ಕೋಡೊಂದು ಇರುತ್ತದೆ. ಅದನ್ನೆಲ್ಲ ಗುಡಿಸಿ ಹಸನು ಮಾಡಿ, ಪಿನ್ ಕೋಡಿನ ಪ್ರಕಾರ ಜೋಡಿಸಿ, ಚೀಟಿ ಅಂಟಿಸಿ, ಕಟ್ಟು ಕಟ್ಟಿ ಅಂಚೆ ಕಚೇರಿಗೆ ಒಪ್ಪಿಸಿದರೆ ನಮ್ಮ ಕೆಲಸ ಮುಗಿಯಿತು. ಕಂಪ್ಯೂಟರಿನಲ್ಲಿ ಪಟ್ಟಿ ಹಸನು ಮಾಡುವವಳು ಅಂಜು. ಅಂಟಿಸುವವರು ನಾವು. ನನ್ನ ಹೆಸರು ಮಂಗಳಮ್ಮ. ಅಂಜುವೂ ನಾನೂ ದೇವಲಾಪುರ ಹೋಬಳಿಯ ಕರಿಕಲ್ಲುಕೊಪ್ಪಲಿನವರು, ಒಂದೇ ಬಸ್ಸಿನಲ್ಲಿ ಹೋಗಿ ಬರುವವರು.

ಅಂಗಡಿಯ ಮಾಲೀಕ ಅಶೋಕ್. ಮೊದಲು ‘ಅವರು’ ಅನ್ನುತ್ತಿದ್ದೆ, ಈಗ ‘ಅವನು’ ಅನ್ನುತ್ತೇನೆ. ಮಾತು ಬೆಣ್ಣೆ. ಬೈದಿದ್ದನ್ನು ಯಾರೂ ಕೇಳಿಲ್ಲ. ಅಂಜುವಿನ ಅಪ್ಪ ಸತ್ತ ವರ್ಷವೇ ಅವಳನ್ನು ಕರೆದು ಕೆಲಸ ಕೊಟ್ಟಿದ್ದ. ಅವಳು ಬಾಯಿತುಂಬ ಅಣ್ಣ ಅನ್ನುತ್ತಿದ್ದಳು. ಗೌರಿಹಬ್ಬಕ್ಕೆ ಅವಳಿಗೊಂದು ಸೀರೆಯನ್ನೂ ಕೊಟ್ಟಿದ್ದ. ಬಾಗಿಲಲ್ಲೇ ನಮ್ಮ ಮೊಬೈಲುಗಳನ್ನು ತೆಗೆದಿರಿಸಿಕೊಳ್ಳುತ್ತಿದ್ದ. ಪಟ್ಟಿ ಯಾರಿಗೂ ತೋರಿಸುವುದಿಲ್ಲ ಅಂತ ನಮ್ಮೆಲ್ಲರ ಕೈಲಿ ಸಹಿ ಹಾಕಿಸಿಕೊಂಡಿದ್ದ.

“ನೋಡ್ರವ್ವ, ಒಬ್ಬರ ಹೆಸರು ವಿಳಾಸ ಅಂದ್ರೆ ಅವರ ಮಾನ ಇದ್ದಂಗೆ. ನಂಬಿ ಕೊಟ್ಟಿರ್ತಾರೆ. ಆಚೆ ಓಗ್ಬಾರ್ದು,” ಅನ್ನುತ್ತಿದ್ದ.

ಪಟ್ಟಿ ಸಿದ್ಧವಾದ ಮೇಲೆ ಅಂಜು ಅದಕ್ಕೆ ಪಾಸ್‌ವರ್ಡ್ ಹಾಕಿ ಬೀಗ ಬಿಗಿಯಬೇಕು. ಪಟ್ಟಿ ಮೈಸೂರಿನ ಪ್ರಿಂಟಿನವರಿಗೆ ಹೋಗುತ್ತದೆ. ಪಾಸ್‌ವರ್ಡನ್ನು ಎಲ್ಲೂ ಬರೆಯುವ ಹಾಗಿಲ್ಲ, ಅಶೋಕನಿಗೊಬ್ಬನಿಗೇ ಬಾಯಲ್ಲಿ ಹೇಳಬೇಕು. ಅವನು ಅದನ್ನು ಫೋನಿನಲ್ಲಿ ಪ್ರಿಂಟಿನವರಿಗೆ ತಿಳಿಸುತ್ತಾನೆ. ಪಟ್ಟಿ ಒಂದು ದಾರಿ, ಬೀಗದ ಕೈ ಇನ್ನೊಂದು ದಾರಿ. ಎಂಥ ಕಟ್ಟುನಿಟ್ಟಿನ ಮನುಷ್ಯ ಅಂದುಕೊಳ್ಳುತ್ತಿದ್ದೆವು.

ಅವನದು ಇನ್ನೊಂದು ಕಟ್ಟುನಿಟ್ಟಿತ್ತು. ವಿಳಾಸ ಸಿಗದೆ ಕಾಗದ ವಾಪಸ್ಸು ಬಂದರೆ ಅದರ ಖರ್ಚನ್ನು ಅಂಜುವಿನ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದ.

ನಮ್ಮ ಕಡೆ ಕಾಗದ ವಾಪಸ್ಸು ಬರದೆ ಇನ್ನೇನಾಗುತ್ತದೆ? ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ನಮ್ಮೂರೊಂದರಲ್ಲೇ ‘ತಿಮ್ಮಮ್ಮ ಕೋಂ ಲೇಟ್ ಮಾಯಣ್ಣ’ ಮೂರು ಜನ. ಮೊದಲಿದ್ದ ಪೋಸ್ಟ್‌ಮ್ಯಾನ್ ಇದೇ ಊರಿನವರು, ಯಾವ ತಿಮ್ಮಮ್ಮನಿಗೆ ಯಾವ ಕಾಗದ ಅನ್ನುವುದು ಮುಖ ನೋಡದೆ ಗೊತ್ತಿತ್ತು. ಅವರು ರಿಟೈರಾದರು. ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ನಿಂಗರಾಜು ಬಂದ. ಒಳ್ಳೆ ಹುಡುಗ, ಆದರೆ ಊರಿಗೆ ಹೊಸಬ. ಕೂಗುತ್ತಿದ್ದ, ಒಳಗಿನಿಂದ ಯಾರೂ ಓ ಅನ್ನದಿದ್ದರೆ ‘ಸಿಗಲಿಲ್ಲ’ ಅಂತ ಬರೆದು ವಾಪಸ್ಸು ಕಳಿಸುತ್ತಿದ್ದ.

ಅಂಜು ಒಂದು ದಿನ ಬಸ್ಸಿನಲ್ಲಿ ಅವನನ್ನು ಹಿಡಿದುಕೊಂಡಳು.

“ಏನಣ್ಣ, ಊರಲ್ಲಿ ಕಲ್ಲುಗುಂಡಿನಂಗೆ ಕೂತಿರೋರ್ನ ಸಿಗ್ನಿಲ್ಲ ಅಂತ ಬರ್ದಿದ್ದೀಯಲ್ಲ?”

“ನಾನೇನವ್ವ ಮಾಡ್ಲಿ? ಆ ಅಜ್ಜಿಗೆ ಕಿವಿ ಕೇಳಾಕಿಲ್ಲ ಅಂತ ನಂಗೆ ಯಾರ್ ಏಳಿದ್ರು? ನೀನು ವಿಳಾಸದ ಜೊತೆಗೆ ವಸಿ ಗುರುತು ಹಾಕು, ಮನೆ ಒಳಕ್ಕೇ ಓಗಿ ಕೊಟ್ಟು ಬತ್ತೀನಿ.”

ಆ ಮಾತಿಗೆ ಅಂಜು ಪಟ್ಟಿಯಲ್ಲಿ ಹೊಸದೊಂದು ಕಾಲಂ ಶುರುಮಾಡಿದಳು. ಅದರ ತಲೆಯ ಮೇಲೆ ‘ಗುರುತು’ ಅಂತ ಬರೆದಳು.

ಅದೇ ಹೊತ್ತಿಗೆ ಯಾವುದೋ ಹಾಲಿನ ಕಂಪನಿಯವರದು ದೊಡ್ಡ ಕೆಲಸ ಬಂತು. ಹೋಬಳಿಯ ಹಸು ಕಟ್ಟಿದವರಿಗೆಲ್ಲ ಉಚಿತ ಚಿಕಿತ್ಸೆಯ ಶಿಬಿರಕ್ಕೆ ಕರೆಯೋಲೆ. ಅಂಜು ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಳು. ನಮ್ಮೂರು, ಪಕ್ಕದೂರು, ಮನೆಮನೆಯ ಜಗುಲಿ ಹತ್ತಿದಳು. ಸಂಬಳವಿಲ್ಲದ ಕೆಲಸ. ನಾನೂ ಎರಡು ವಾರ ಜೊತೆಗೆ ಹೋಗಿದ್ದೆ. ಕಂಪನಿಯ ಕಾಗದ ಅಂದರೆ ಬಾಗಿಲು ಹಾಕಿಕೊಳ್ಳುವ ಜನ, ಅಂಜು ಬಂದಳು ಅಂತ ಮಜ್ಜಿಗೆ ಕೊಟ್ಟು ಕೂರಿಸಿದರು. ನಮ್ಮ ಕೇರಿಯ ಕಡೆಮನೆಯ ತಿಮ್ಮಮ್ಮಜ್ಜಿ ಹುರುಳಿ ಕೇರುತ್ತ ಕೂತಿತ್ತು.

“ಅದೆಲ್ಲ ಯಾಕ್ ಬರ್ಕತೀಯೆ ಮಗ? ಏನಾದ್ರು ಆದಾತು,” ಅಂದಿತು.

“ಏನೂ ಆಗಾಕಿಲ್ಲ ಅಜ್ಜಿ. ಬೀಗ ಹಾಕಿ ಮಡಗ್ತೀನಿ. ನನ್ ಮ್ಯಾಗೆ ನಂಬ್ಕೆ ಇಲ್ವಾ?”

“ನಿನ್ ಮ್ಯಾಗೆ ಇಲ್ದೆ ಏನವ್ವ. ನನ್ ಕೈಲೇ ಉಟ್ಟಿದ್ದು ನೀನು. ಬರ್ಕೊ. ಮಗ ತಿಮ್ಮೇಶ, ಸೊಸೆ, ಇಬ್ರೂ ಒತ್ತಾರೆನೇ ಗಾರ್ಮೆಂಟ್ಸ್ ಬಸ್ಸಿಗೋದ್ರೆ ಸಂಜಿಗೇ ಬರಾದು. ಅಗಲೆಲ್ಲ ನಾನೊಬ್ಳೇ. ಎಡಗಿವಿ ಸತ್ತೋಗದೆ. ಬಲಗಡೆ ಬಂದು ಮಾತಾಡು ಅನ್ನು ಆ ಪೋಸ್ಟಿನ ಐದಂಗೆ.”

ಅಜ್ಜಿ ಹೇಳಿದ್ದನ್ನು ಅಂಜು ಹಾಗೇ ಬರೆದುಕೊಂಡಳು: ಹಗಲು ಒಬ್ಬರೇ ಇರುತ್ತಾರೆ. ಬಲಗಡೆ ಕೂತು ಮಾತಾಡಬೇಕು. ಓದು ಬರದು.

ಇಂಥವು ಎಷ್ಟೋ. ಕಣ್ಣಿಗೆ ಪೊರೆ ಬಂದವರು, ಮಂಡಿನೋವಿಗೆ ಮಂಚ ಬಿಟ್ಟು ಏಳದವರು, ಗಂಡ ಇಲ್ಲದವರು, ಯಾವ ಹೊತ್ತಿಗೆ ಯಾರಿರುತ್ತಾರೆ, ಯಾರಿರುವುದಿಲ್ಲ. ಕಾಗದ ಕೈಗೆ ಸಿಗಲಿ ಅಂತ ಹೇಳಿದರು, ಕಾಗದ ಕೈಗೆ ಸಿಗಲಿ ಅಂತ ಬರೆದುಕೊಂಡಳು.

ಆ ಸಲ ಕಳಿಸಿದ ಕಾಗದವೆಲ್ಲ ಮುಟ್ಟಿತು. ವಾಪಸ್ಸು ಬಂದದ್ದು ಇಲ್ಲವೇ ಇಲ್ಲ ಅನ್ನಬೇಕು. ಅಶೋಕ ಅಂಜುವನ್ನು ಎಲ್ಲರೆದುರಿಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ. ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಗುರುತಿನ ಕಾಲಮ್ಮನ್ನು ಮೇಲಿಂದ ಕೆಳಗೆ ಓದಿದ. ಓದುತ್ತ ಓದುತ್ತ ಅವನ ಕಾಲು ನಿಧಾನಕ್ಕೆ ಅಲ್ಲಾಡತೊಡಗಿತು. ಖುಷಿಯಾದರೆ ಅವನು ಹಾಗೆ ಕಾಲು ಅಲ್ಲಾಡಿಸುತ್ತಿದ್ದ.

“ಬೇರೆಯೋರು ಬರೀ ವಿಳಾಸ ಕೊಡ್ತಾರೆ ಕಣಮ್ಮ. ನೀನು ಮನೆ ಒಳಗೇ ಕರ್ಕೊಂಡು ಓಯ್ತೀಯ,” ಅಂದ.

ಅಂಜು ನಾಚಿಕೊಂಡಳು. ಆ ಸಂಜೆ ಬಸ್ಸಿನಲ್ಲಿ ನನಗೆ ಕಡಲೆಕಾಯಿ ಕೊಡಿಸಿದಳು.

ಯುಗಾದಿ ಕಳೆದ ಮೇಲೆ ಊರಿಗೊಂದು ಬಿಳಿ ಕಾರು ಬಂತು. ಇಸ್ತ್ರಿ ಅಂಗಿಯ ಇಬ್ಬರು ಗಂಡಸರು, ಕೈಯಲ್ಲಿ ಪ್ಲಾಸ್ಟಿಕ್ ಕವರಿನ ಕಾಗದಗಳು. ಯಾರನ್ನೂ ದಾರಿ ಕೇಳಲಿಲ್ಲ. ಹರೆಯದ ಗಂಡುಮಕ್ಕಳಿದ್ದ ಮನೆಗಳನ್ನು ಬಿಟ್ಟರು. ಮುದುಕರು ಒಬ್ಬರೇ ಇದ್ದ ಮನೆಗಳಿಗೆ ಒಂದಾದ ಮೇಲೊಂದರಂತೆ ಹೋದರು. ಗಾರ್ಮೆಂಟ್ಸ್ ಬಸ್ಸು ತಿರುಗಿ ಬರುವ ಹೊತ್ತಿಗೆ ಕಾರು ಊರಲ್ಲಿರಲಿಲ್ಲ.

ನಾವಿಬ್ಬರೂ ಕೆಲಸ ಮುಗಿಸಿ ಬಸ್ಸಿಳಿದು ಬರುವಾಗ ಕಡೆಮನೆಯ ಮುಂದೆ ಜನ ಸೇರಿದ್ದರು. ತಿಮ್ಮೇಶ ಒಂದು ಕಾಗದ ಹಿಡಿದುಕೊಂಡು ಓದುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಮೊದಲಿಂದ ಓದುತ್ತಿದ್ದ. ಅಜ್ಜಿಯ ಎರಡು ಎಕರೆ ಹೊಲವನ್ನು ಸೋಲಾರ್ ಕಂಪನಿಗೆ ಗುತ್ತಿಗೆ ಕೊಡಲು ಒಪ್ಪಿಗೆ. ಕಂಪನಿಯವರು ಬಿಡುವವರೆಗೆ ಬೇರೆ ಯಾರಿಗೂ ಕೊಡುವಂತಿಲ್ಲ, ಅಜ್ಜಿಯ ಮನೆಯವರೂ ಉಳುವಂತಿಲ್ಲ. ಕೆಳಗೆ ಅಜ್ಜಿಯ ಹೆಬ್ಬೆಟ್ಟು. ಆ ಕಾರು ನಿಂತ ಮನೆಗಳಲ್ಲೆಲ್ಲ ಇಂಥದೇ ಒಂದೊಂದು ಕಾಗದ ಇತ್ತು.

“ಯಾಕವ್ವ ಒತ್ತ್‌ದೆ?” ತಿಮ್ಮೇಶ ಕಾಗದವನ್ನು ಅವ್ವನ ಮುಂದೆ ಹಿಡಿದ. “ಇರಾದು ಅದೊಂದು ವಲ. ಯಾಕ್ ಒತ್ತ್‌ದೆ ಏಳು.”

ಅಜ್ಜಿಗೆ ಏನಾಗಿದೆ ಅನ್ನುವುದೇ ಇನ್ನೂ ಪೂರ್ತಿ ತಿಳಿದಿರಲಿಲ್ಲ.

“ಅಸುಗಳ ಕ್ಯಾಂಪಿಗೆ ಬಂದಿದ್ಯಲ್ಲ ಅಜ್ಜಿ, ಅದ್ರದ್ದು ಸಾಯಧನ ಬಂದದೆ, ಒತ್ತು ಅಂದ್ರು ಕಣ್ಲಾ. ಬೋ ಒಳ್ಳೆ ಐದ. ಬಾಗ್ಲ ಜೋರಾಗಿ ಬಡ್ದ, ಒಳೀಕ್ ಬಂದ, ಸೀದಾ ಬಂದು ನನ್ ಬಲಗಡೆ ಕೂತ್ಕಂಡ. ಏಳಿಸ್ಕಳ್ದೇನೆ. ಇಷ್ಟ್ ವರ್ಸದಲ್ಲಿ ನೀನೂ ಒಂದಿನ ಅಂಗೆ ಕೂತಿಲ್ಲ.”

ನನ್ನ ಪಕ್ಕ ನಿಂತಿದ್ದ ಅಂಜು ನನ್ನ ತೋಳು ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು. ನಾನು ಅವಳ ಮುಖ ನೋಡಿದೆ. ಅಲ್ಲಿ ರಕ್ತವೇ ಇರಲಿಲ್ಲ. ನನಗೆ ಹೇಳಿಸಿಕೊಳ್ಳುವುದು ಬೇಕಿರಲಿಲ್ಲ.

ಮಾರನೆಯ ದಿನ ಅಂಜು ಸೀದಾ ಅಶೋಕನ ಮೇಜಿನ ಮುಂದೆ ನಿಂತಳು. ನಾವು ಐದು ಜನವೂ ಅಲ್ಲೇ ಇದ್ದೆವು.

“ಅಣ್ಣ, ದೇವಲಾಪುರದ ಪಟ್ಟಿ ಯಾರಿಗ್ ಕೊಟ್ಟೆ?”

“ಯಾವ ಪಟ್ಟಿನಮ್ಮ?”

“ಗುರುತಿನ ಕಾಲಂ ಇರೋದು. ಸೋಲಾರ್‌ನೋರು ತಿಮ್ಮಮ್ಮಜ್ಜಿ ಬಲಗಡೆ ಓಗಿ ಕೂತವ್ರೆ. ಅದು ಆ ಪಟ್ಟೀಲಿ ಬುಟ್ರೆ ಇನ್ನೆಲ್ಲೂ ಇಲ್ಲ.”

ಅಶೋಕ ಗಾಬರಿಯಾಗಲಿಲ್ಲ. ಅದನ್ನೇ ನಾನು ಇಂದಿಗೂ ಮರೆಯಲಾರೆ. ಕಳ್ಳ ಸಿಕ್ಕಿಬಿದ್ದರೆ ಒಂದು ಕ್ಷಣವಾದರೂ ಕಣ್ಣು ತಪ್ಪಿಸುತ್ತಾನೆ. ಇವನು ಟೀ ಕುಡಿದು ಲೋಟ ಕೆಳಗಿಟ್ಟ, ಡ್ರಾಯರಿನಿಂದ ಅವಳು ಸಹಿ ಹಾಕಿದ್ದ ಕಾಗದ ತೆಗೆದ.

“ಪಟ್ಟಿ ಮಾಡ್ದೋಳು ನೀನು. ಮನೆಮನೆಗೆ ಓಗಿ ಕೇಳ್ದೋಳು ನೀನು. ಬೀಗ ಹಾಕ್ದೋಳು ನೀನು. ಪಾಸ್‌ವರ್ಡು ನಿನ್ ತಲೇಲಿ ಉಟ್ಟಿದ್ದು. ಅದು ಆಚೆ ಓಗಿದ್ರೆ ಯಾರು ಜವಾಬ್ದಾರಿ ಏಳು?”

“ಪಾಸ್‌ವರ್ಡು ನಿನ್ ಒಬ್ಬನಿಗೇ ತಾನೆ ನಾನು ಏಳಿದ್ದು?”

“ಅದಕ್ಕೆ ಸಾಕ್ಷಿ? ಎಲ್ಲಾರ ಬರ್ದಿದ್ದೀಯಾ?”

ಎಲ್ಲಿ ಬರೆದಿರುತ್ತಾಳೆ? ಬರೆಯಬಾರದು ಅಂತ ಕಟ್ಟು ಮಾಡಿದವನೇ ಅವನು. ಬೀಗ ಹಾಕಿಸಿದ್ದು ಪಟ್ಟಿಯನ್ನು ಕಾಯುವುದಕ್ಕಲ್ಲ, ಅವನನ್ನು ಕಾಯುವುದಕ್ಕೆ. ಬರೆಯದ ಪಾಸ್‌ವರ್ಡು, ನಮ್ಮ ಸಹಿಗಳು, ಕಿತ್ತಿಟ್ಟುಕೊಂಡ ನಮ್ಮ ಮೊಬೈಲುಗಳು, ಎಲ್ಲವೂ ಒಂದು ದಿನ ನಮ್ಮ ಕಡೆಗೇ ಬೊಟ್ಟು ಮಾಡಿ ತೋರಿಸಲಿಕ್ಕೆ.

ಅಂಜು ಅಳುತ್ತಿದ್ದಳು. “ಅಣ್ಣ ಅಂತಿದ್ದೆ ಕಣಣ್ಣ ನಿನ್ನ. ಊರೋರು ನನ್ನ ನಂಬ್ಕಂಡು ಏಳಿದ್ರು. ನಾನು ನಿನ್ನ ನಂಬ್ಕಂಡು ತಂದ್ಕೊಟ್ಟೆ.”

“ಅಳ್ಬೇಡ. ನಾನೇನ್ ನಿನ್ ಕೈ ಬುಡ್ತೀನಾ?” ಅಂದ, ಅದೇ ಬೆಣ್ಣೆಯ ದನಿಯಲ್ಲಿ. “ಪೊಲೀಸ್‌ಗೆ ಕೊಟ್ರೆ ನಿನ್ ಎಸ್ರೇ ಮೊದ್ಲು ಬರಾದು. ನಾನು ಕೊಡಾಕಿಲ್ಲ. ಮುಂದಿನ ವಾರ ಅರಕೆರೆ ಕಡೆ ಪಟ್ಟಿ ಬತ್ತದೆ. ಅಲ್ಲೂ ಇಂಗೇ ಗುರುತು ಹಾಕ್ಕೊಂಡು ಬಾ. ನಿನ್ನ ಸೂಪರ್‌ವೈಸರ್ ಮಾಡ್ತೀನಿ, ವಾಪಸ್ ಬಂದ ಕಾಗದಕ್ಕೆ ಇನ್ಮೇಲೆ ದುಡ್ಡೂ ಹಿಡಿಯಾಕಿಲ್ಲ. ನೀವೂ ಅಷ್ಟೆ ಕಣ್ರಕ್ಕ, ಏನೂ ಕೇಳಿಸ್ಕಂಡಿಲ್ಲ ತಾನೆ?”

ನಮ್ಮ ಕಡೆ ತಿರುಗಿ ನಕ್ಕ. ಯಾರೂ ನಗಲಿಲ್ಲ, ಎಲ್ಲರೂ ಲಕೋಟೆಗಳ ಕಡೆ ತಲೆ ಬಗ್ಗಿಸಿದೆವು. ಐದು ಮನೆಗಳ ಒಲೆ ಆ ಅಂಗಡಿಯಿಂದ ಉರಿಯುತ್ತಿತ್ತು.

ಅಂಜು ಕಣ್ಣೊರೆಸಿಕೊಂಡು ಹೊರಟಳು. ನಾನು ಅಂಟಿಸುತ್ತಿದ್ದ ಲಕೋಟೆ ಕೈಯಲ್ಲೇ ಇತ್ತು. ಅದನ್ನು ಪೂರ್ತಿ ಅಂಟಿಸಿಟ್ಟು ನಾನೂ ಎದ್ದೆ. ಯಾಕೆ ಎದ್ದೆ ಅಂದರೆ, ಆ ಹುಡುಗಿ ಒಬ್ಬಳೇ ಊರಿಗೆ ಹೋಗಿ ಆ ಮಾತು ಆಡಬೇಕಿತ್ತು, ಅದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಸಂಜೆ ಹಾಲು ಅಳೆಯುವ ಹೊತ್ತು. ನಮ್ಮೂರ ಡೈರಿಯ ಮುಂದೆ ಇಡೀ ಊರು ಕ್ಯಾನು ಹಿಡಿದು ನಿಂತಿರುತ್ತದೆ. ಅಂಜು ಮೆಟ್ಟಿಲ ಮೇಲೆ ನಿಂತಳು.

“ಬರ್ಕಂಡಿದ್ದು ನಾನೇ,” ಅಂದಳು. “ಮಾರ್ಕಂಡಿದ್ದು ಅಶೋಕ. ನಿಮ್ಮ ಮನೇಲಿ ಯಾರ್ ಇರಾಕಿಲ್ಲ, ಯಾರಿಗೆ ಕಣ್ ಕಾಣಾಕಿಲ್ಲ, ಎಲ್ಲಾನೂ ನೀವು ನಂಗೆ ಏಳಿದ್ರಿ. ಅದೇ ಅವ್ರ ಕೈಗೆ ಸಿಕ್ಕದೆ.”

ಯಾರೋ ಕ್ಯಾನನ್ನು ನೆಲಕ್ಕೆ ಕುಕ್ಕಿದರು. ಹೆಂಗಸೊಬ್ಬಳು, “ಮಜ್ಜಿಗೆ ಕುಡ್ದು ಓದಳಲ್ಲ ನಮ್ಮನೇಲಿ!” ಅಂತ ಕೂಗಿದಳು. ತಿಮ್ಮೇಶ ಮುಂದೆ ನುಗ್ಗಿದ.

“ಎಷ್ಟ್ ಕೊಟ್ರೆ ನಿಂಗೆ? ನಮ್ಮವ್ವನ ಕಿವೀನೂ ಮಾರ್ಬುಟ್ಯಲ್ಲೆ!”

ಅಂಜು ಹಿಂದಕ್ಕೆ ಸರಿಯಲಿಲ್ಲ. ಹೊಡೆದರೆ ಹೊಡೆಯಲಿ ಅನ್ನುವ ಹಾಗೆ ನಿಂತಿದ್ದಳು. ನಾನು ಅಡ್ಡ ಹೋದೆ.

“ತಿಮ್ಮೇಶ, ಅವಳು ಸುಮ್ನಿದ್ರೆ ಸೂಪರ್‌ವೈಸರ್ ಆಗೋಳು ಕಣ್ಲಾ. ಅರಕೆರೆ ಜನಾನೂ ಇಂಗೇ ಮುಳ್ಗಿಸು ಅಂತ ಆಸೆ ತೋರ್ಸಿದ್ದ. ಅದ್ನ ಬುಟ್ಟು ನಿಮ್ ಮುಂದೆ ಬಂದು ನಿಂತವ್ಳೆ. ನಾನೂ ಕೆಲ್ಸ ಬುಟ್ಟು ಬಂದಿವ್ನಿ. ಒಡೆಯಂಗಿದ್ರೆ ನಂಗೂ ಒಡಿ.”

ಅವನ ಕೈ ಇಳಿಯಿತು. ತಿಮ್ಮಮ್ಮಜ್ಜಿ ಅಷ್ಟು ಹೊತ್ತೂ ಡೈರಿಯ ಜಗುಲಿಯ ಮೇಲೆ ಕೂತು ಬಾಯಿಗಳು ಅಲ್ಲಾಡುವುದನ್ನು ನೋಡುತ್ತಿತ್ತು. ಅಂಜು ಹೋಗಿ ಅದರ ಬಲಗಡೆ ಕೂತು ಎಲ್ಲವನ್ನೂ ಮತ್ತೆ ಹೇಳಿದಳು. ಅಜ್ಜಿ ಕೇಳಿತು.

“ನನ್ ಕೈಲಿ ಉಟ್ಟಿದ್ದೋಳು ನೀನು,” ಅಂದಿತು ಕಡೆಗೆ. “ಒಟ್ಟೆ ಉರೀತದೆ ಕಣವ್ವ. ನಿನ್ ಮ್ಯಾಗೂ ಉರೀತದೆ. ಸುಳ್ಳೇಳಾಕಿಲ್ಲ. ಆದ್ರೂ ಆ ಬೆಣ್ಣೆ ಬಾಯವ್ನ ಬುಡಾಕಾಯ್ತದಾ? ಒತ್ತಾರೆ ಠಾಣೆಗೆ ಓಗಾವ. ಎಬ್ಬೆಟ್ ಒತ್ತ್‌ದೋರೆಲ್ಲ ಬನ್ನಿ.”

ಬೆಳಿಗ್ಗೆ ತಿಮ್ಮೇಶ ಗಾರ್ಮೆಂಟ್ಸಿಗೆ ಹೋಗಲಿಲ್ಲ. ಟ್ರಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸಿ ಮುದುಕಿಯರನ್ನು ಕೂರಿಸಿದರು. ಮಂಡಿನೋವಿನವರನ್ನು ಎತ್ತಿ ಕೂರಿಸಿದರು. ನಿಂಗರಾಜು ರಜೆ ಹಾಕಿ, ಸೈಕಲ್ಲು ನಿಲ್ಲಿಸಿ ತಾನೂ ಹತ್ತಿದ. “ಗುರುತು ಹಾಕು ಅಂದೋನು ನಾನು,” ಅಂದ. ಯಾರೂ ಅವನನ್ನು ಬೇಡ ಅನ್ನಲಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ನಮ್ಮನ್ನು ನೆಲದ ಮೇಲೆ ಕೂರಿಸಿದ. ಒಬ್ಬೊಬ್ಬರ ಮಾತು ಕೇಳಿದ, ಅರ್ಧ ಕೇಳಿದ. ನಡುವೆ ಅವನಿಗೊಂದು ಫೋನು ಬಂತು. “ಹಾಂ ಅಶೋಕಣ್ಣ, ಇಲ್ಲೇ ಅವ್ರೆ, ಬಂದವ್ರೆ,” ಅನ್ನುತ್ತ ಹೊರಗೆ ಹೋದ. ಬಂದು ಕೂತು ಸರಸರ ಬರೆದ. ಬರೆದು ಮುಗಿಸಿ ಶಾಯಿಯ ಪ್ಯಾಡು ಮುಂದಕ್ಕೆ ತಳ್ಳಿದ.

“ಬಾರಜ್ಜಿ, ಒತ್ತು. ನಿನ್ ದೂರು ಬರ್ದಿದ್ದೀನಿ.”

ತಿಮ್ಮಮ್ಮಜ್ಜಿ ಕೈ ಮುಂದೆ ಮಾಡಲಿಲ್ಲ.

“ಮೊದ್ಲು ಓದಪ್ಪ.”

“ನೀನು ಹೇಳಿದ್ದನ್ನೇ ಬರ್ದಿರೋದು ಕಣಜ್ಜಿ. ಟೈಮಿಲ್ಲ.”

“ನಂಗದೆ ಟೈಮು. ಈ ಕಡೆ ಬಂದು ಜೋರಾಗಿ ಓದು. ಎಲ್ರಿಗೂ ಕೇಳ್ಲಿ.”

ರೈಟರ್ ಸುತ್ತ ನೋಡಿದ. ಬಾಗಿಲಿನವರೆಗೂ ಜನ ಕೂತಿದ್ದರು. ಗೊಣಗಿಕೊಂಡು ಓದತೊಡಗಿದ. ಕರಿಕಲ್ಲುಕೊಪ್ಪಲಿನ ಅಂಜು ಎಂಬುವಳು ನಮ್ಮನ್ನು ನಂಬಿಸಿ, ಮನೆಯ ವಿವರಗಳನ್ನು ಪಡೆದು, ಕೆಲಸ ಮಾಡುವ ಸಂಸ್ಥೆಗೆ ತಿಳಿಯದಂತೆ ಅಪರಿಚಿತ ವ್ಯಕ್ತಿಗಳಿಗೆ ಮಾರಿರುತ್ತಾಳೆ. ಆದ್ದರಿಂದ ಸದರಿ ಅಂಜುವಿನ ಮೇಲೆ ಕಾನೂನು ಕ್ರಮ…

ಓದು ನಿಂತಿತು. ಅಂಜು ತಲೆ ತಗ್ಗಿಸಿದ್ದಳು.

“ಅಶೋಕನ ಎಸ್ರೆಲ್ಲಿ?” ಅಂದಿತು ಅಜ್ಜಿ.

“ಅವ್ರ ಮೇಲೆ ಸಾಕ್ಷಿ ಇಲ್ಲ ಕಣಜ್ಜಿ. ಇದಾದ್ರೆ ಕೇಸು ಸಲೀಸು. ನಿನ್ ವಲ ನಿಂಗೆ ಬೇಕೋ ಬೇಡ್ವೋ? ಒತ್ತು.”

ಹೊಲ ಅಂದ ತಕ್ಷಣ ತಿಮ್ಮೇಶ ಅವ್ವನ ಮುಖ ನೋಡಿದ. ನಾವೆಲ್ಲರೂ ನೋಡಿದೆವು. ಒಂದು ಹೆಬ್ಬೆಟ್ಟಿಗೆ ಹೊಲ ಹೋಗಿತ್ತು, ಇನ್ನೊಂದಕ್ಕೆ ಬರಬಹುದಿತ್ತು. ಹೋಗುವವಳು ಅಂಜು ಮಾತ್ರ. ಅವಳ ಮೇಲೆ ಸಿಟ್ಟಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ.

ಅಜ್ಜಿ ಹೆಬ್ಬೆರಳನ್ನು ಒಳಗೆ ಮಡಿಚಿ ಮುಷ್ಟಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿತು.

“ಮೊನ್ನೆ ಓದಿಸ್ಕಳ್ದೆ ಒತ್ತ್‌ದೆ, ವಲ ಓಯ್ತು. ಇವತ್ತು ಓದಿಸ್ಕಂಡು ಒತ್ತ್‌ದ್ರೆ ಈ ಕೂಸು ಓಯ್ತದೆ. ಒತ್ತಾಕಿಲ್ಲ. ಅವನ ಎಸ್ರು ಬರಿ.”

“ಏಯ್, ತಮಾಷೆನಾ ಇದು? ಎದ್ದೋಗ್ರಿ ಎಲ್ಲಾ!” ರೈಟರ್ ಮೇಜು ಗುದ್ದಿದ.

ಅಜ್ಜಿಯ ಪಕ್ಕದ ಮುದುಕಿ ತನ್ನ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಅವಳ ಪಕ್ಕದವಳೂ ಹಾಗೇ ಮಾಡಿದಳು. ಹಿಂದೆ ಕೂತವರೂ ಒಬ್ಬೊಬ್ಬರಾಗಿ ಕೈ ಮುಚ್ಚಿಕೊಂಡರು. ತಿಮ್ಮೇಶ ಅಂಜುವಿನ ಕಡೆ ನೋಡಲಿಲ್ಲ. ಆದರೆ ಎದ್ದು ಬಂದು, ಅವಳಿಗೂ ರೈಟರನ ಮೇಜಿಗೂ ನಡುವೆ ಕೂತ.

ರೈಟರ್ ಬರೆದ ಹಾಳೆಯನ್ನು ಹರಿಯಲಿಲ್ಲ, ಹೊಸದನ್ನೂ ತೆಗೆಯಲಿಲ್ಲ. ಶಾಯಿಯ ಪ್ಯಾಡು ಮೇಜಿನ ಮೇಲೆ ತೆರೆದೇ ಇತ್ತು. ನಾವು ಏಳಲಿಲ್ಲ.